ಮಿಂಗೇಲ ಮೆಲ್ಲಕ ಎಳೆದ ಮರ

ಭಾಳ ಹಿಂದ, ಈ ಗುಡ್ಡಕ್ಕ ಡಾಂಬರು ರಸ್ತೆ ಬರೂದಕ್ಕಿಂತ ಮೊದಲ, ಒಂದೂರಾಗ ಮಿಂಗೇಲ ಅಂತ ಒಬ್ಬಾಂವ ಇದ್ದ. ಯಾವ ಊರು ಅಂತ ಕೇಳಬ್ಯಾಡ್ರಿ, ಇದ ಊರು. ಕಾಲು ಅಲ್ಲಾಡಸೂದು ಬಿಟ್ಟು ಕೇಳ್ರಿ. ನೀವೂ ಅವನಂಗ ಆಗೀರಿ, ಒಂದ ಕಡೆ ಕುಂದರೂದು ಗೊತ್ತಿಲ್ಲ.

ಅಂವಗ ಒಂದು ಟ್ರ್ಯಾಕ್ಟರ್ ಇತ್ತು. ಅದರ ಬೆನ್ನಿಗೆ ಒಂದು ದೊಡ್ಡ ಉರುಳಿ, ಉರುಳಿಗೆ ಸುತ್ತಿದ ಉಕ್ಕಿನ ಹಗ್ಗ. ಗುಡ್ಡದ ಮ್ಯಾಲಿನ ಪೈನ್ ತೋಪಿನಾಗ ಮರ ಒತ್ತೊತ್ತಾಗಿ ಬೆಳೆದಿದ್ವು. ಬಡಕಲು ಮರ ಕಡದು, ಗಟ್ಟಿ ಮರಕ್ಕ ಗಾಳಿ ಬೆಳಕು ಬಿಡೂದು ಊರ ಮಂದಿ ಕೆಲಸ. ಕಡದ ಮರ ಹಗ್ಗಕ್ಕ ಕಟ್ಟಿ ದಾರಿಗೆ ಎಳದು ತರೂದು ಮಿಂಗೇಲನ ಕೆಲಸ. ಏನ ಎಳೀತಿದ್ದ ಅಂತೀರಿ! ಬ್ಯಾರೇದವರು ಸರಪಳಿ ಬಿಗಿಯೂದ್ರಾಗ ಇವನ ರಾಶಿ ಆಳೆತ್ತರ ಆಗಿರ್ತಿತ್ತಂತ. ಊಟಾನೂ ನಿಂತ ಮಾಡ್ತಿದ್ದ, ಇಂಜಿನ್ ಬಂದ್ ಮಾಡ್ತಿದ್ದಿಲ್ಲ. ಅವನ ಲಗ್ನದ ದಿನ ಇಗರ್ಜಿ ಹೊರಗ ಟ್ರ್ಯಾಕ್ಟರ್ ಗುರುಗುಟ್ಟೂದು ಕೇಳಲಾರದ ಪಾದ್ರಿ ಪ್ರಾರ್ಥನೆ ಅರ್ಧಕ್ಕ ಮುಗಿಸಿದ್ರಂತ. ನಾ ನೋಡಿಲ್ಲ, ನಮ್ಮವ್ವ ಹೇಳಿದ್ದು.

ಆದ್ರ ಎಳಿಯಾಂವ ಎಷ್ಟು ಜೋರಿದ್ರೂ, ಕಡಿಯಾಂವ ಸರಿ ಕೆಡವಬೇಕಲ್ಲ? ಕಡಿಯಾಂವ ಇನಾಸ. ಮಿಂಗೇಲನ ತಂಗಿ ಕ್ಯಾತರೀನಾಳ ಗಂಡ. ಅವ ಮರದ ಬುಡ ದಾರಿ ಕಡೆ, ತುದಿ ಆಚೆ ಕಡೆ ಬರೂ ಹಂಗ ಕೆಡವತಿದ್ದ. ಬುಡಕ್ಕ ಹಗ್ಗ ಹಾಕಿ ಜಗ್ಗಿದ್ರ ಮರ ಸರ್ರಂತ ಬರ್ತಿತ್ತು. ಭಾವ ಮೈದುನ ಇಬ್ರಿಗೂ ಮಾತ ಬೇಕಿರಲಿಲ್ಲ ಅಂತಾರ, ಕಣ್ಣ ಸನ್ನಿ ಸಾಕಿತ್ತು.

ಒಂದಿನ ಮಿಂಗೇಲ ಅವಸರದಾಗ ಜಗ್ಗಿದ. ದಿಮ್ಮಿ ಹೊಳ್ಳಿ, ಇನಾಸ ಕಡೀದ ಉಳಿಸಿದ್ದ ಗಟ್ಟಿ ಮರಕ್ಕ ಬಡದು ಅದರ ತೊಗಟೆ ಸುಲದು ಹೋತು. ಅಂಟು ಬಳಬಳ ಸುರೀತು. ಇನಾಸ ಎಲ್ಲಾರ ಮುಂದ ಕಣ್ಣಿಲ್ಲೇನು ನಿನಗ ಅಂದ. ನಿನ್ನ ಕೈ ನಿಧಾನ ಅಂತ ನಾನೂ ನಿಧಾನ ಆಗ್ಲೇನು ಅಂದ ಮಿಂಗೇಲ. ಮುಗೀತು. ಮಾತು ಬಂದ್. ಪಾಪ ಕ್ಯಾತರೀನಾ, ಅಣ್ಣನ ಕಾಲು ಹಿಡದ್ಳು, ಗಂಡನ ಕಾಲು ಹಿಡದ್ಳು. ಇಬ್ರೂ ಕೋಣಗಳು!

ಸಿಟ್ಟಿಗೆ ಇನಾಸ ಮರ ಉಲ್ಟಾ ಕೆಡವಾಕ ಹತ್ತಿದ. ತುದಿ ದಾರಿ ಕಡೆ, ಬುಡ ಆಚೆ. ತುದಿ ಹಿಡದು ಜಗ್ಗಿದ್ರ ಟೊಂಗಿ ಎಲ್ಲಾ ಸಿಕ್ಕಿಬೀಳತಿದ್ವು. ಮಿಂಗೇಲನ ರಾಶಿ ಮೊಣಕಾಲಿಗೆ ಇಳೀತು. ಅತ್ಲಾಗ ಮೋಡ ಕವಿದಿತ್ತು, ಮಳೆ ಬಿದ್ರ ಮರ ನೀಲಿಗಟ್ಟಿ ಕೆಡತೈತಿ. ಮಂದಿ ತೋಪಿನಾಗ ಅತ್ತಿತ್ತ ಓಡ್ಯಾಡಿದ್ರು. ಮಿಂಗೇಲ ಖಾಲಿ ಟ್ರ್ಯಾಕ್ಟರ್ ಸುಮ್ನ ಹಿಂದ ಮುಂದ ಓಡಸ್ತಿದ್ನಂತ, ನಿಂತ್ರ ಎದಿ ಒಡೀತೈತಿ ಅನ್ನೂ ಹಂಗ.

ಅವತ್ತ ಇನಾಸ ಕಡದ ಮರ ನೆಲಕ್ಕ ಬೀಳಲಿಲ್ಲ, ಬಾಜೂ ಮರಕ್ಕ ಒರಗಿ ನಿಂತ ಬಿಡ್ತು. ಹಿಂದ ಹಿಂಗಾದ್ರ ಮಿಂಗೇಲ ದೂರದಿಂದ ಹಗ್ಗ ಹಾಕಿ ಕೆಡವತಿದ್ದ. ಈಗ ಕರೀಬೇಕಂದ್ರ ಬಾಯಿ ಬಿಡಬೇಕಲ್ಲ? ಇನಾಸ ಬಾಯಿ ಬಿಡಲಿಲ್ಲ. ಒರಗಿದ ಮರದ ಕೆಳಗ ಹೋಗಿ, ಆಸರೆ ಕೊಟ್ಟ ಮರಾನ ಕಡಿಯಾಕ ನಿಂತ. ಹಂಗ ಯಾರರೆ ಮಾಡ್ತಾರೇನು! ಒರಗಿದ್ದ ಮರ ಜಾರಿ ಅವನ ತೊಡಿ ಮ್ಯಾಲ ಬಿತ್ತು.

ಮಿಂಗೇಲ ಟ್ರ್ಯಾಕ್ಟರ್ ತಂದು ಹಗ್ಗ ಬಿಗಿದ. ಜಗ್ಗು, ಜಗ್ಗು ಅಂತ ಮಂದಿ ಹೊಯ್ಕೊಂಡ್ರು. ಇಳಿಜಾರು, ಕೆಳಗ ಒಣಗಿದ ಸೂಜಿ ಎಲಿ, ಕಾಲಿಟ್ರ ಜಾರತೈತಿ. ಒಮ್ಮಿಗೆ ಜಗ್ಗಿದ್ರ ಮರ ಉರುಳಿ ಎದಿ ಮ್ಯಾಲ ಬರ್ತಿತ್ತು. ಮಿಂಗೇಲ ಹಿಡಿಕಿಗೆ ಕೈ ಹಾಕಿದ. ಆಮ್ಯಾಲ ಅವ ಏನ ಮಾಡಿದ ಗೊತ್ತೇನು? ಇಂಜಿನ್ ಬಂದ್ ಮಾಡಿದ! ತೋಪಿಗೆ ತೋಪ ಸುಮ್ಮನಾತು. ಕೆಳಗಿಳದು ಇನಾಸನ ಬಾಜೂ ಮಂಡಿ ಊರಿ, ಯಾ ಕಡೆ ಎಳೀಲಿ ಅಂತ ಕೇಳಿದ.

ಇನಾಸ ಬೆರಳ ಮಾಡಿ ತೋರಿಸಿದ. ಆಮ್ಯಾಲ ಒಂದ ಮಾತ ಅಂದ.

"ಮೆಲ್ಲಕ."

ಮೆಲ್ಲಕ ಅನ್ನೂದು ಮಿಂಗೇಲನ ಜಾತಕದಾಗ ಇರಲಿಲ್ಲ. ಆದ್ರ ಅವತ್ತ ಮತ್ತ ಟ್ರ್ಯಾಕ್ಟರ್ ಹತ್ತಿ ಎಳೆದ ನೋಡ್ರಿ, ಹಗ್ಗದ ಮ್ಯಾಲ ಹೊಂಟಿದ್ದ ಇರಿವಿಗೂ ಗೊತ್ತಾಗಲಿಲ್ಲಂತ. ಮಧ್ಯಾಹ್ನ ಹಿಡದ ಹಗ್ಗ, ನೆರಳು ಉದ್ದ ಆದ ಮ್ಯಾಲ ಬಿಟ್ಟ ಅಂತಾರ. ಮರ ಕೂಸಿನ ಮ್ಯಾಲಿನ ಹೊದಿಕಿ ಸರಿಸಿದಂಗ ಸರೀತು. ಮಿಂಗೇಲ ಇಳದು ಬಂದು ಇನಾಸನ ಅಪ್ಪಿಕೊಂಡು ಹೋ ಅಂತ ಅತ್ತ.

ಮರ ಒಂದಿಷ್ಟು ಮಳಿಗೆ ಸಿಕ್ಕು ನೀಲಿಗಟ್ಟಿದ್ವು. ಹಾಳಾಗಿ ಹೋಗ್ಲಿ ಅಂದ್ರು ಊರ ಮಂದಿ. ಇನಾಸ ಕುಂಟಿದ, ಆದ್ರ ಬದುಕಿದ. ಎಷ್ಟೋ ವರ್ಷ ಆದ ಮ್ಯಾಲ ಇಬ್ರಾಗ ಮಿಂಗೇಲನೇ ಮೊದಲ ತೀರಿಕೊಂಡ. ಅವನ ಹೆಣದ ಪೆಟ್ಟಿಗಿ ಹಗ್ಗದಿಂದ ಕುಣಿಗೆ ಇಳಸೂವಾಗ ಹನಿ ಬೀಳಾಕ ಹತ್ತಿತ್ತು, ಹಿಡದವರು ಅವಸರ ಮಾಡಿದ್ರು. ಮುದುಕ ಇನಾಸ ಕೋಲು ಊರಿಕೊಂಡು ಮುಂದ ಬಂದು ಕೈ ಎತ್ತಿದ. ಮೆಲ್ಲಕ ಅಂದ. ಕೈಗೋಳು ತಾವಾಗೇ ನಿಧಾನ ಆದ್ವಂತ.

ಈಗೂ ನಮ್ಮ ತೋಪಿನಾಗ ಎಳಿಯಾಂವ ಇಂಜಿನ್ ಬಂದ್ ಮಾಡಿ, ಕಡದಾಂವನ ಕೇಳದೇ ದಿನದ ಮೊದಲನೇ ಮರ ಎಳಿಯೂದಿಲ್ಲ. ಊರಾಗ ಯಾರ ಸತ್ರೂ, ಹಗ್ಗ ಕುಣಿಗೆ ಇಳಿಯೂವಾಗ ಒಬ್ರರೆ ಆ ಮಾತ ಅಂತಾರ. ಎದ್ದು ಹೊಂಟ್ರೇನು ಇಷ್ಟರಾಗ? ನೀವು ಅವಸರದ ಮಂದಿ, ನನಗ ಗೊತ್ತೈತಿ. ನನ್ನ ಇಳಸೂವಾಗ ಯಾರರೆ ಅದೊಂದ ನೆನಪಿಟ್ಟು ಅನ್ರಿ.