ದೊಡ್ಡ ಬಾಗಿಲಿಗೂ ಗಾಳಿ ಬಾರದ ಮನೆ

"ಅರಸು ಚಿತ್ರಶೇಖರರ ಅಪ್ಪಣೆ ಏನೆಂದರೆ, ರಾಜಕುಮಾರಿ ಹಂಸಾವತಿಯ ಮೂರು ಒಗಟುಗಳನ್ನು ಬಿಡಿಸಿದವನಿಗೆ ಬೇಡಿದ್ದು ಸಿಗುವುದು. ತಪ್ಪಿದವನಿಗೆ ಅಮಾವಾಸ್ಯೆಯ ದಿನ ತಲೆ ಹೋಗುವುದು." ಹೊಳೆಯ ದಂಡೆಯಲ್ಲಿ ಹೀಗೆ ಡಂಗುರ ಸಾರಿದಾಗ, ವಾಲ್ವ್ ಉಜ್ಜುತ್ತ ಕುಳಿತಿದ್ದ ಕಮ್ಮಾರ ಮೌನೇಶನ ಕೈ ನಿಂತುಹೋಯಿತು.

ಹಂಸಾವತಿಯ ಅಕ್ಕನನ್ನು ಹೊಳೆ ಹರಿದು ಬರುವ ಮೇಲಿನ ಊರಿಗೆ ಮದುವೆ ಮಾಡಿಕೊಟ್ಟು ಏಳು ವರ್ಷವಾಗಿತ್ತು. ಎರಡೂ ಕಡೆ ಕಡಿದಾದ ಬಂಡೆ, ನಡುವೆ ಭಾರಿ ಸೆಳವು. ದೋಣಿ ಬಿಟ್ಟರೆ ಬೇರೆ ದಾರಿಯಿಲ್ಲ. ರಾಜಕುಮಾರಿಯ ಪುಟ್ಟ ಎಂಜಿನ್ ದೋಣಿ ಪ್ರತಿ ಸಂಜೆ ಸೆಳವಿನವರೆಗೆ ಹೋಗಿ, ಏದುಸಿರು ಬಿಟ್ಟು, ಹಿಂದಕ್ಕೆ ಜಾರಿ ಬರುತ್ತಿತ್ತು. ಅವಳು ದೋಣಿಯಲ್ಲಿ ನಿಂತು ಅಕ್ಕನ ಊರಿನ ಕಡೆ ನೋಡುತ್ತಿದ್ದಳು. ಮೌನೇಶ ಕುಲುಮೆಯ ಬಾಗಿಲಲ್ಲಿ ನಿಂತು ಅವಳನ್ನು ನೋಡುತ್ತಿದ್ದ. ಅವಳ ಒಗಟುಗಳು ಆ ಎಂಜಿನ್ನಿನ ಕುರಿತೇ ಇರಬೇಕೆಂದು ಅವನು ಊಹಿಸಿದ. ಎಂಜಿನ್ ಸರಿಹೋದರೆ ಅವಳು ಹೊರಟುಹೋಗುತ್ತಾಳೆ, ತನಗೆ ಆ ಸಂಜೆಯ ನೋಟವೂ ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅರಮನೆಗೆ ಹೊರಟ. ಪ್ರೀತಿಸಿದವನ ಬುದ್ಧಿಯೇ ಅಷ್ಟು.

ಅವನಿಗಿಂತ ಮೊದಲು ಇಬ್ಬರು ಬಂದಿದ್ದರು. ಹಂಸಾವತಿ ಮೂರನ್ನೂ ಒಟ್ಟಿಗೇ ಕೇಳುತ್ತಿದ್ದಳು.

"ಒಂದು ಮನೆಗೆ ಎರಡು ಬಾಗಿಲು. ಬರುವವನು ಒಂದರಲ್ಲಿ ಬರುತ್ತಾನೆ, ಹೋಗುವವನು ಇನ್ನೊಂದರಲ್ಲಿ ಹೋಗುತ್ತಾನೆ. ಎರಡೂ ಮುಚ್ಚಿದಾಗ ಒಳಗೆ ಬೆಂಕಿ ಬೀಳುತ್ತದೆ, ಆ ಬೆಂಕಿಯೇ ಮನೆಯ ಬಾಳು. ಯಾವ ಮನೆ ಅದು? ಆ ಮನೆಗೆ ಹೆಚ್ಚು ಉಣಿಸಿದಷ್ಟೂ ಸೊರಗುತ್ತದೆ, ಯಾಕೆ? ಬಾಗಿಲು ದೊಡ್ಡದು ಮಾಡಿಸಿದರೂ ಬರುವವನು ಮೊದಲಿನಷ್ಟೇ ಬರುತ್ತಾನೆ, ಯಾಕೆ?"

ನೆರೆನಾಡಿನ ಯುವರಾಜ ಅದು ಅರಮನೆ ಎಂದ. ಅವನ ಅರಮನೆಯಲ್ಲಿ ಅಷ್ಟು ಜಗಳವಿತ್ತೋ ಏನೋ. ಭಟರು ಅವನನ್ನು ಸೆರೆಮನೆಗೆ ಕರೆದೊಯ್ದರು. ಪಂಡಿತನೊಬ್ಬ ಉಂಡರೂ ಸೊರಗುವುದಕ್ಕೆ ಅಜೀರ್ಣವೇ ಕಾರಣವೆಂದು ಹೇಳಿ, ಶುಂಠಿ ಕಷಾಯ ಮಾಡುವ ಬಗೆಯನ್ನೂ ವಿವರಿಸಿ, ಯುವರಾಜನ ಪಕ್ಕದ ಕೋಣೆ ಸೇರಿದ.

ಮೌನೇಶ ಕೈಕಟ್ಟಿ ನಿಂತು ಉತ್ತರ ಹೇಳಿದ. ಮನೆಯೆಂದರೆ ಎಂಜಿನ್ನಿನ ಸಿಲಿಂಡರು, ಬಾಗಿಲುಗಳೆಂದರೆ ಎರಡು ವಾಲ್ವ್. ಗಾಳಿ ಸಾಲದೆ ಎಣ್ಣೆ ಮಾತ್ರ ಹೆಚ್ಚಿಸಿದರೆ ಅದು ಉರಿಯುವುದಿಲ್ಲ, ಕರಿಹೊಗೆ ಕಾರುತ್ತದೆ. ಅದಕ್ಕೇ ಉಂಡಷ್ಟೂ ಸೊರಗುತ್ತದೆ. ಮೂರನೆಯದಕ್ಕೆ ಮಾತ್ರ ಎಂಜಿನ್ನಿನ ಹೆಡ್, ಅಂದರೆ ವಾಲ್ವ್ ಕೂರುವ ಮೇಲಿನ ಮುಚ್ಚಳ, ಬಿಚ್ಚಿ ನೋಡಬೇಕು ಎಂದ.

ಹೆಡ್ ತಂದಿಟ್ಟರು. ಅರಮನೆಯ ಕಮ್ಮಾರರು ಅದಕ್ಕೆ ಅಗಲದ ವಾಲ್ವ್ ಕೂರಿಸಿದ್ದರು. ಕುಲುಮೆಯಲ್ಲಿ ಮಾಡುವಂತೆಯೇ ಮೌನೇಶ ಗಾಳಿ ಬರುವ ದಾರಿಗೆ ತಿದಿ ಹಚ್ಚಿ ಊದಿಸಿ, ತೆರೆದ ವಾಲ್ವಿನ ಸುತ್ತ ಊದುಬತ್ತಿ ಹಿಡಿದ. ಒಂದು ಪಕ್ಕದಲ್ಲಿ ಹೊಗೆ ಚದುರಿ ಹಾರಿತು. ವಾಲ್ವಿಗೆ ಅಂಟಿಕೊಂಡಿದ್ದ ಒಳಗೋಡೆಯ ಪಕ್ಕದಲ್ಲಿ ಸುಮ್ಮನೆ ನೆಟ್ಟಗೆ ಎದ್ದಿತು.

"ಬಾಗಿಲು ದೊಡ್ಡದಾಯ್ತು ಅಮ್ಮಣ್ಣಿ, ಆದ್ರೆ ಗೋಡೆಗೆ ಅಂಟ್ಕೊಂಡು ನಿಂತಿದೆ. ಅರ್ಧ ಬಾಗಿಲು ಗೋಡೆಗೇ ತೆರ್ಕೊಳುತ್ತೆ. ಗೋಡೆ ಒಂಚೂರು ಹಿಂದೆ ಸರೀಬೇಕು."

ಉತ್ತರ ಸರಿಯೇ ಎಂದು ಅರಸರು ಮಗಳನ್ನು ಕೇಳಿದರು.

"ನಂಗೂ ಗೊತ್ತಿಲ್ಲ ಅಪ್ಪಾಜಿ," ಎಂದಳು ಹಂಸಾವತಿ ತಲೆತಗ್ಗಿಸಿ. "ಗೊತ್ತಿದ್ದಿದ್ರೆ ಅಕ್ಕನ ಮನೇಲಿ ಇರ್ತಿದ್ದೆ."

ದೋಣಿ ಸೆಳವು ದಾಟಿದರೆ ಉತ್ತರ ಸರಿ, ದಾಟದಿದ್ದರೆ ತಲೆ ಹೋಯಿತು ಎಂದು ತೀರ್ಮಾನವಾಯಿತು. ಮೌನೇಶ ಮೂರು ದಿನ ಅರ ಹಿಡಿದು ವಾಲ್ವಿನ ಮಗ್ಗುಲಿನ ಗೋಡೆಯನ್ನು ಉಜ್ಜಿದ. ಅದರ ಹಿಂದೆಯೇ ಎಂಜಿನ್ ತಣಿಸುವ ನೀರಿನ ದಾರಿ. ಕೂದಲೆಳೆ ಹೆಚ್ಚಾದರೆ ಗೋಡೆ ತೂತು. ಬೇಕೆಂದೇ ಒಂದು ಸಲ ಹೆಚ್ಚು ಉಜ್ಜಿದರೆ ಅವಳು ಇಲ್ಲಿಯೇ ಉಳಿಯುತ್ತಾಳೆಂದು ಒಮ್ಮೆ ಅನ್ನಿಸಿತು. ಆ ಯೋಚನೆಗೆ ತಾನೇ ನಾಚಿದ.

ನಾಲ್ಕನೆಯ ದಿನ ದೋಣಿ ಸೆಳವಿಗೆ ಎದೆಕೊಟ್ಟು ಮೇಲೇರಿತು. ಹಂಸಾವತಿ ಅಲ್ಲಿಂದಲೇ ಅಕ್ಕನಲ್ಲಿಗೆ ಹೋಗಿಬಿಡಬಹುದಿತ್ತು. ಕೊಟ್ಟ ಮಾತಿಗಾಗಿ ತಿರುಗಿ ಬಂದಳು. ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಿಸಿ, ಅರಸರು ಏನು ಬೇಕೋ ಕೇಳೆಂದು ಮೌನೇಶನಿಗೆ ಹೇಳಿದರು.

ಬೇಕಾದ್ದು ಒಂದೇ ಇತ್ತು. ಅದನ್ನು ಕೇಳಲು ಬಾಯಿ ಬರಲಿಲ್ಲ.

"ಅಮ್ಮಣ್ಣಿಯವ್ರು ಅಕ್ಕನ ಊರು ಮುಟ್ಟೋವರೆಗೂ ಎಂಜಿನ್ ಪಕ್ಕ ಕೂತಿರ್ತೀನಿ ಬುದ್ಧಿ. ಅಷ್ಟು ಸಾಕು."

ಇಷ್ಟು ಅಗ್ಗವಾಗಿ ಮುಗಿಯಿತಲ್ಲ ಎಂದು ಅರಸರಿಗೆ ನಗು ಬಂತು. ಹಂಸಾವತಿ ನಗಲಿಲ್ಲ.

"ಹೋಗೋವಾಗಿನ ಜೊತೆ ಅವ್ರು ಕೇಳಿದ್ರು ಅಪ್ಪಾಜಿ," ಎಂದಳು. "ಬರೋವಾಗಿನ ಜೊತೆ ನಾನು ಕೇಳ್ತೀನಿ."

ಮೇಲಿನ ಊರಿನ ಕಟ್ಟೆಯಲ್ಲಿ ಅಕ್ಕ ಇಬ್ಬರಿಗೂ ಸೇರಿಸಿಯೇ ಆರತಿ ಎತ್ತಿದಳಂತೆ.