ಬಾತುಮರಿಯ ಬೆನ್ನ ಮೇಲಿನ ಹನಿ

ಹಾಲಮ್ಮನಿಗೆ ಒಂದು ಅಭ್ಯಾಸವಿತ್ತು. ಕೂಸುಗಳಿಗೆ ಎಣ್ಣೆ ಹಚ್ಚಿದ ಮೇಲೆ ಅಂಗೈಯಲ್ಲಿ ಉಳಿದ ಜಿಡ್ಡನ್ನು ಅವಳು ತೊಳೆಯುತ್ತಿರಲಿಲ್ಲ, ಸೆರಗಿಗೂ ಒರೆಸುತ್ತಿರಲಿಲ್ಲ. ಪಕ್ಕದಲ್ಲಿ ಏನಿದೆಯೋ ಅದಕ್ಕೆ ಮೆಲ್ಲಗೆ ಸವರಿಬಿಡುತ್ತಿದ್ದಳು. ಚೌಕಟ್ಟು ಸಿಕ್ಕಿದರೆ ಚೌಕಟ್ಟಿಗೆ, ಎಮ್ಮೆ ಸಿಕ್ಕಿದರೆ ಎಮ್ಮೆಯ ಕೊಂಬಿಗೆ. ಒಮ್ಮೆ ಹಿತ್ತಲಲ್ಲಿ ಬದನೆಕಾಯಿ ಸಿಕ್ಕಿತು, ಅದಕ್ಕೇ ಸವರಿದಳು. ಬದನೆಕಾಯಿ ಇವತ್ತಿಗೂ ಹೊಳೆಯುತ್ತಲೇ ಇದೆ.

ಇದು ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲದ ಮಾತು. ಬೆಟ್ಟಗಳು ಆಗಷ್ಟೇ ಕೂರುವುದನ್ನು ಕಲಿತಿದ್ದವು. ಹೊಳೆಗೆ ಇನ್ನೂ ಹೆಸರಿರಲಿಲ್ಲ. ಎಲ್ಲಿ ತಿರುಗಬೇಕು ಅಂತ ದಾರಿಯ ಕಲ್ಲುಗಳನ್ನು ಕೇಳಿಕೊಂಡು ಕೇಳಿಕೊಂಡು ಹರಿಯುತ್ತಿತ್ತು. ಆ ಹೊಳೆದಂಡೆಯ ಊರಿನಲ್ಲಿ ಹುಟ್ಟಿದ ಕೂಸಿಗೆಲ್ಲ ಎರೆಯುವವಳು ಹಾಲಮ್ಮ. ನೆತ್ತಿಗೆ ಹರಳೆಣ್ಣೆ ಒತ್ತಿ, ಕಾಲ ಮೇಲೆ ಮಲಗಿಸಿಕೊಂಡು ಅವಳು ಬಿಸಿನೀರು ಹೊಯ್ದರೆ, ಎಂಥ ರಚ್ಚೆಯ ಕೂಸೂ ಅತ್ತು ಅತ್ತು ಕೊನೆಗೆ ಸುಖವಾಗಿ ನಿದ್ದೆ ಹೋಗುತ್ತಿತ್ತು.

ಆಗ ಬಾತುಕೋಳಿಯ ಪುಕ್ಕ ಒಣ ಹತ್ತಿಯ ಹಾಗಿತ್ತು. ನೀರು ಕಂಡರೆ ಪ್ರಾಣ, ನೀರಿಗಿಳಿದರೆ ಪ್ರಾಣಕ್ಕೇ ಕುತ್ತು. ದೊಡ್ಡ ಬಾತು ಹೇಗೋ ಒದ್ದೆ ಕಂಬಳಿಯ ಹಾಗೆ ಭಾರವಾಗಿ ದಂಡೆ ಹತ್ತುತ್ತಿತ್ತು. ಮರಿಗಳು ಹತ್ತುತ್ತಿರಲಿಲ್ಲ.

ಒಂದು ಮುಂಜಾನೆ ಬಾತುಕೋಳಿ ಹಾಲಮ್ಮನ ಅಂಗಳಕ್ಕೆ ಬಂತು.

"ಅವ್ವಾ, ಹುಲ್ಲಿನಲ್ಲಿ ಮೊಟ್ಟೆ ಇಟ್ಟಿದ್ದೀನಿ. ಹೊಳೆ ಕರೆದರೆ ನನಗೆ ಕೂರೋಕೆ ಆಗಲ್ಲ, ಎದ್ದು ಹೋಗಿಬಿಡ್ತೀನಿ. ಹೋದ ಸಲದ ಮರಿ ಒಂದೂ ಉಳಿಯಲಿಲ್ಲ. ಇವನ್ನಾದರೂ ಉಳಿಸಿಕೊಡು" ಎಂದಿತು.

ಹಾಲಮ್ಮ ದಂಡೆಯ ಹುಲ್ಲಿಗೆ ಹೋದಳು. ಮಡಿಲಲ್ಲಿ ಮೊಟ್ಟೆಗಳನ್ನು ತಂದು, ಕಾವಿಗೆ ಕೂತಿದ್ದ ಚುಕ್ಕಿ ಹೇಂಟೆಯ ಹೊಟ್ಟೆಯಡಿ ಸರಿಸಿದಳು.

ದಿನ ಕಳೆಯಿತು. ಚುಕ್ಕಿಯ ಗೊಣಗಾಟ ಶುರುವಾಯಿತು.

"ಇದೇನು ಮೊಟ್ಟೆಯೋ ಕಲ್ಲೋ? ನನ್ನವಾಗಿದ್ದರೆ ಇಷ್ಟು ಹೊತ್ತಿಗೆ ತಿಪ್ಪೆ ಕೆದಕೋಕೆ ಕಲಿತಿರ್ತಿದ್ದವು."

"ಸುಮ್ನಿರೇ ಮಾರಾಯ್ತಿ. ಒಂದೊಂದು ಕೂಸು ನಿಧಾನ" ಎನ್ನುತ್ತ ಹಾಲಮ್ಮ ಉಗುರುಬೆಚ್ಚಗಿನ ನೀರನ್ನು ಮೊಟ್ಟೆಗಳ ಮೇಲೆ ಚಿಮುಕಿಸುತ್ತಿದ್ದಳು.

ಕೊನೆಗೂ ಚಿಪ್ಪು ಬಿರಿಯಿತು. ಹಳದಿ ಹೂವಿನ ಹಾಗೆ ಒಂದೊಂದೇ ಮರಿ ಹೊರಗೆ ಬಂತು. ಚುಕ್ಕಿ ಅವುಗಳ ಮೂತಿ ನೋಡಿ, "ಅಯ್ಯೋ ಶಿವನೇ, ಕೊಕ್ಕನ್ನ ಯಾರೋ ಮಣೆ ಹಾಕಿ ಒತ್ತಿದ್ದಾರಲ್ಲ!" ಎಂದಿತು. ಅಂದರೂ ರೆಕ್ಕೆಯಡಿ ಎಳೆದುಕೊಂಡಿತು.

ಹಾಲಮ್ಮ ಒಲೆಯ ಪಕ್ಕ ಬುಟ್ಟಿ ಇಟ್ಟು ಒಣಹುಲ್ಲು ಹಾಸಿದಳು. ಹುಲ್ಲು ಒದ್ದೆಯಾದರೆ ಬದಲಿಸಿದಳು. ನುಚ್ಚು ಬೇಯಿಸಿ, ಸೊಪ್ಪು ಹೆಚ್ಚಿ ಕಲಸಿ ಇಟ್ಟಳು. ಅನ್ನದ ಪಕ್ಕದಲ್ಲೇ ನೀರಿರಬೇಕು, ಇಲ್ಲದಿದ್ದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಆದರೆ ಮೈ ಮುಳುಗಬಾರದು. ಅದಕ್ಕೆ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ, ಮೂಗು ಅದ್ದುವಷ್ಟೇ ನೀರು ತುಂಬಿದಳು. ಮರಿಗಳು ತಿಂದವು, ಅದ್ದಿದವು. ತಿಂದವು, ಅದ್ದಿದವು. ಆಮೇಲೆ ಒಂದರ ಮೇಲೊಂದು ತಲೆಯಿಟ್ಟು ಮಲಗಿದವು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಎರೆಯುವ ಕೈ ಸುಮ್ಮನಿರುತ್ತದೆಯೇ?

ಮೋಡ ಮುಚ್ಚಿದ ಒಂದು ಮಧ್ಯಾಹ್ನ ಹಾಲಮ್ಮ ಹಂಡೆಗೆ ಬೆಂಕಿ ಹಾಕಿದಳು. ಎರೆಯದ ಕೂಸು ಎಲ್ಲಾದರೂ ಬೆಳೆಯುವುದುಂಟೇ? ಮೊದಲು ನೆತ್ತಿಗೆ ಎಣ್ಣೆ ಒತ್ತೋಣವೆಂದರೆ ಅವಳ ಹೆಬ್ಬೆರಳೇ ಮರಿಯ ತಲೆಗಿಂತ ದೊಡ್ಡದು. "ಹೋಗಲಿ, ಇವತ್ತೊಂದಿನ ಎಣ್ಣೆ ಬೇಡ" ಅಂದುಕೊಂಡಳು. ಕಾಲು ನೀಡಿ ಕೂತು, ಒಂದೊಂದೇ ಮರಿಯನ್ನು ಮಲಗಿಸಿಕೊಂಡು, ಸೀಗೆಪುಡಿ ಹಚ್ಚಿ ಎರೆದೇ ಎರೆದಳು.

ಹಳದಿ ಹೂವುಗಳೆಲ್ಲ ಒದ್ದೆ ಬತ್ತಿಗಳಾದವು. ಮೊದಲು ನಡುಗಿದವು. ಆಮೇಲೆ ನಡುಗುವುದನ್ನೂ ಬಿಟ್ಟವು.

"ಏನು ಮಾಡಿದೆ ಮಾರಾಯ್ತಿ! ಅವು ಮನುಷ್ಯರ ಕೂಸೇ?" ಚುಕ್ಕಿ ಕಿರುಚಿತು. "ನಾನು ಇಷ್ಟು ದಿನ ಕೂತು ಕೂತು ಕಾವು ಕೊಟ್ಟಿದ್ದು ಇದಕ್ಕಾ?"

ಹಾಲಮ್ಮ ದಡಬಡ ಎದ್ದಳು. ಮರಿಗಳನ್ನು ಸೆರಗಿನಲ್ಲಿ ಒತ್ತಿ ಒತ್ತಿ ಒರೆಸಿದಳು. ಒಲೆಯ ಮುಂದೆ ಕೂತು ಮಡಿಲಲ್ಲಿ ಹರಡಿಕೊಂಡಳು. ಗಾಳಿ ಬಾಗಿಲಲ್ಲಿ ಇಣುಕಿ, "ಒಣಗಿಸಿಕೊಡಲಾ?" ಎಂದಿತು. "ಬೇಡಪ್ಪ, ನೀನು ತಣ್ಣಗಿದ್ದೀಯ. ಬಾಗಿಲು ಮುಂದೆ ಮಾಡಿಕೊಂಡು ಹೋಗು" ಎಂದಳು. ಗಾಳಿ ಹಾಗೇ ಮಾಡಿತು.

ಮೆಲ್ಲಗೆ ಒಂದು ಮರಿ ಕೊಕ್ಕು ಎತ್ತಿತು. ಇನ್ನೊಂದು ಕುಂಯ್ ಎಂದಿತು. ಎಲ್ಲವೂ ಎದ್ದವು, ಎಲ್ಲಕ್ಕಿಂತ ಸಣ್ಣದೊಂದನ್ನು ಬಿಟ್ಟು. ಅದು ಅವಳ ಎಡಗೈಯಲ್ಲಿ ಕಣ್ಣು ಮುಚ್ಚಿಕೊಂಡೇ ಇತ್ತು.

"ಎಣ್ಣೆ ತಪ್ಪಿಸಿದೆನಲ್ಲೇ ಚುಕ್ಕಿ" ಎಂದಳು ಹಾಲಮ್ಮ. ಬಲಗೈಗೆ ಎಣ್ಣೆ ಬಗ್ಗಿಸಿಕೊಂಡು, ಒಲೆಗೆ ಹಿಡಿದು ಬೆಚ್ಚಗೆ ಮಾಡಿದಳು. ಸೋಕಿತೋ ಇಲ್ಲವೋ ಎಂಬಂತೆ ಸಣ್ಣ ಮರಿಯ ಬೆನ್ನು ನೀವಿದಳು. ನೀವುತ್ತ, ಕೂಸುಗಳಿಗೆ ಹೇಳುವ ಹಾಡನ್ನು ಗುನುಗಿದಳು. ಬೆಂಕಿ ಉರಿಯುವುದನ್ನು ಮರೆತು ಕೇಳಿತು.

ಆಗ ಮರಿ ಮಿಸುಕಿತು. ಕಣ್ಣು ಬಿಟ್ಟಿತು. ಅಂಗೈಯಲ್ಲೇ ಎದ್ದು ನಿಂತು ಅತ್ತ ತಿರುಗಿ, ಚೋಟುದ್ದದ ಬಾಲವನ್ನು ಅವಳ ಮುಖಕ್ಕೆ ಅಲ್ಲಾಡಿಸಿತು.

"ಅಬ್ಬಾ ನಿನ್ನ ಮರ್ಯಾದೆಯೇ!" ಹಾಲಮ್ಮ ನಕ್ಕಳು. ನಗುತ್ತ ನಗುತ್ತ, ಅಂಗೈಯಲ್ಲಿ ಉಳಿದ ಜಿಡ್ಡನ್ನು ಅಭ್ಯಾಸದಂತೆ ಪಕ್ಕದಲ್ಲಿದ್ದುದಕ್ಕೆ ಸವರಿದಳು. ಪಕ್ಕದಲ್ಲಿದ್ದುದು ಆ ಬಾಲದ ಬುಡ.

ಮರಿ ಕತ್ತು ಹೊರಳಿಸಿ ಬಾಲದ ಬುಡಕ್ಕೆ ಕೊಕ್ಕು ತಾಗಿಸಿತು. ಕೊಕ್ಕಿನಿಂದ ಎದೆಗೆ, ಎದೆಯಿಂದ ರೆಕ್ಕೆಗೆ ಸವರಿಕೊಂಡಿತು. ಎಷ್ಟು ತೆಗೆದರೂ ಅಲ್ಲಿ ಎಣ್ಣೆ ಮುಗಿಯಲೇ ಇಲ್ಲ. ಹಾಲಮ್ಮನ ಕೈಗುಣ ಅಂಥದ್ದು. ಉಳಿದ ಮರಿಗಳು ಸಾಲಾಗಿ ಬಂದು ಅವಳಿಗೆ ಬೆನ್ನು ತಿರುಗಿಸಿ ನಿಂತವು. ಸಾಲಿನ ಕೊನೆಯಲ್ಲಿ, ಯಾವಾಗ ಬಂತೋ, ತಾಯಿ ಬಾತೂ ನಾಚಿಕೊಂಡು ನಿಂತಿತ್ತು.

ಮರಿಗಳಿಗೆ ಗಟ್ಟಿ ಪುಕ್ಕ ಬಂದ ಮೇಲೆ ಹಾಲಮ್ಮ ಅವನ್ನು ಹೊಳೆಗೆ ಬಿಟ್ಟಳು. ಚುಕ್ಕಿ ದಂಡೆಯಲ್ಲಿ ಅತ್ತಿಂದಿತ್ತ ಓಡುತ್ತ, "ಆಳಕ್ಕೆ ಹೋಗಬೇಡ್ರೋ!" ಎಂದು ಬೊಬ್ಬೆ ಹೊಡೆಯಿತು. ಹೊಳೆ ತನ್ನ ಕೈಗಳಲ್ಲೆಲ್ಲ ಮರಿಗಳನ್ನು ಎತ್ತಿ ಆಡಿಸಿತು. ಅವು ಮುಳುಗಿದವು, ಎದ್ದವು, ಒಣಗಿಯೇ ಇದ್ದವು.

ಸಂಜೆ ಎಲ್ಲರೂ ಮನೆಗೆ ಹೊರಟಾಗ ಹೊಳೆ ಸಣ್ಣ ದನಿಯಲ್ಲಿ ಕೇಳಿತು.

"ಹಾಲಮ್ಮ, ಮೊದಲು ನಾನು ಮುಟ್ಟಿದರೆ ಸಾಯುತ್ತಿದ್ದವು. ಈಗ ಎಷ್ಟು ಮುಟ್ಟಿದರೂ ನನ್ನದೊಂದು ಗುರುತೂ ಉಳಿಯಲ್ಲ. ಒಂದೇ ಒಂದು ಹನಿಯನ್ನ ಬೆನ್ನ ಮೇಲೆ ಕೂರಿಸಿಕೊಂಡು ಹೋಗೋಕೆ ಹೇಳ್ತೀಯಾ? ಆ ಬುಟ್ಟಿ, ಆ ಒಲೆ, ನೋಡಿಕೊಂಡು ಬಂದುಬಿಡ್ತೀನಿ."

ಹನಿ ನಿಲ್ಲದ ಹಾಗೆ ಎಣ್ಣೆ ಸವರಿದ್ದ ತನ್ನ ಅಂಗೈಯನ್ನು ಹಾಲಮ್ಮ ನೋಡಿಕೊಂಡಳು. ಮರಿಗಳು ಬಾಲ ಕೊಡವಿ, ಒಂದರ ಹಿಂದೊಂದು ನಡೆದವು.

ಮಗೂ, ಇವತ್ತಿಗೂ ಬಾತುಕೋಳಿ ನೀರಿನಿಂದ ಎದ್ದು ಬರುವಾಗ ನೋಡು, ಬಾಲದ ಬುಡದ ಎಣ್ಣೆಗೆ ಅದು ಕತ್ತು ಹೊರಳಿಸುವ ಮೊದಲು, ಅದರ ಬೆನ್ನ ಮೇಲೆ ಒಂದು ಹನಿ ದುಂಡಗೆ ಕೂತು, ಜಾರುವ ತನಕ ಕೇಳುತ್ತಿರುತ್ತದೆ: "ಈ ಸಲ ನಾನೂ ಬರಲಾ?"