ಕೋತಿಯ ಅಂಗಡಿಯ ಹಲಗೆ

ಒಂದು ಹನಿಯೂ ಸೋರುವುದಿಲ್ಲವೆಂದು ಆಣೆ ಮಾಡಿ, ಅಂಗಡಿಯ ಕೋತಿ ಅಳಿಲಿಗೊಂದು ಮಣ್ಣಿನ ಕುಡಿಕೆ ಮಾರಿತು. ಬೆಲೆಯಾಗಿ ಬಂದ ಕಡಲೆಬೀಜವನ್ನೆಲ್ಲ ದವಡೆಯಲ್ಲಿ ತುಂಬಿಕೊಂಡಿತು.

ಹಳ್ಳಕ್ಕೆ ಹೋದ ಅಳಿಲು ಅರೆಗಳಿಗೆಯಲ್ಲೇ ತಿರುಗಿ ಬಂತು. "ಕೋತಿಯಣ್ಣ, ಕುಡಿಕೆ ಸೋರುತ್ತದೆ. ಇದನ್ನಿಟ್ಟುಕೊಂಡು ನನ್ನ ಕಡಲೆಬೀಜ ಕೊಡು."

ಕೋತಿ ಬಾಗಿಲ ಹಲಗೆ ತೋರಿಸಿತು. ಅದರಲ್ಲಿ ‘ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂದು ಬರೆದಿತ್ತು.

"ಸುಳ್ಳು ಹೇಳಿ ಮಾರಿದರೆ ಬೆಲೆ ಹಿಂತಿರುಗಿಸಬೇಕೆಂದು ಕಾಡಿನ ಕಾನೂನಿದೆಯಲ್ಲ?"

"ಕಾನೂನು ಕಾಡಿಗೆ. ಅಂಗಡಿಗೆ ಈ ಹಲಗೆ!" ಎಂದು ಕೋತಿ ಹಲಗೆಯನ್ನು ಗುದ್ದಿತು. ಹಲಗೆ ಎರಡು ಹೋಳಾಯಿತು. ಒಳಗೆಲ್ಲ ಗೆದ್ದಲು.

ಕೋತಿ ಹೋಳುಗಳನ್ನು ಹೊತ್ತು, ಹಲಗೆಯನ್ನು ಮಾರಿದ್ದ ಮರಕುಟಿಗನ ಬಳಿಗೆ ಓಡಿತು. ಅಳಿಲೂ ಕುಡಿಕೆ ಹಿಡಿದು ಹಿಂದೆಯೇ ಹೋಯಿತು.

"ಗಟ್ಟಿ ತೇಗವೆಂದು ಗೆದ್ದಲು ತಿಂದದ್ದನ್ನು ಮಾರಿದ್ದೀಯ! ಕಾನೂನಿದೆ, ನನ್ನ ಬಾಳೆಗೊನೆ ವಾಪಸ್ ಕೊಡು!"

"ಖಂಡಿತ ಕೊಡುತ್ತೇನೆ, ಅಂಗಡಿಯವರೇ. ತಪ್ಪು ನನ್ನದೇ," ಎಂದಿತು ಮರಕುಟಿಗ. "ಅದಕ್ಕೆ ಮೊದಲು ಆ ಹಲಗೆಯ ಮೇಲೇನು ಬರೆದಿದ್ದೀರಿ, ಸ್ವಲ್ಪ ಗಟ್ಟಿಯಾಗಿ ಓದಿ."

ಗಟ್ಟಿಯಾಗಿ ಓದಲು ಕೋತಿ ಬಾಯಿ ಅಗಲವಾಗಿ ತೆರೆಯಿತು. ಕಡಲೆಬೀಜ ಒಂದೊಂದಾಗಿ ಉದುರತೊಡಗಿತು.

ಅಳಿಲು ತಡಮಾಡದೆ ಕುಡಿಕೆ ಒಡ್ಡಿತು. ಈ ಸಲ ಅದರಿಂದ ಏನೂ ಸೋರಲಿಲ್ಲ.